ಬಾಗಿಲು ಹಾಕಿಕೊಂಡು ಓದು!

ಆಗಸ್ಟ್ ಕಳೆದು ಸೆಪ್ಟೆಂಬರ್ ಬಂತೆಂದರೆ ನಮ್ಮ ಕೂಟದ ನಾಲ್ಕಾರು ಮನೆಗಳಾದರೂ ಬಿಕೋ ಎನ್ನತೊಡಗುತ್ತವೆ. ಹದಿನೆಂಟು ವರ್ಷ ಮನೆ ತುಂಬ ಓಡಾಡಿಕೊಂಡಿದ್ದ ಮಗನನ್ನೋ ಮಗಳನ್ನೋ ಯೂನಿವರ್ಸಿಟಿಯ ಹಾಸ್ಟೆಲಿನಲ್ಲಿ ಇಳಿಸಿ, ಚಟ್ನಿಪುಡಿಯ ಡಬ್ಬದ ಜೊತೆಗೆ ಒಂದಿಷ್ಟು ಬುದ್ಧಿವಾದವನ್ನೂ ಕಟ್ಟಿಕೊಟ್ಟು, ಅಪ್ಪ ಅಮ್ಮ ಕಾರಿನಲ್ಲಿ ಮಾತಿಲ್ಲದೆ ಹಿಂತಿರುಗುವ ಕಾಲ ಅದು. ನಾನೂ ನನ್ನಾಕೆಯೂ ಹಾಗೆಯೇ ಹಿಂತಿರುಗಿದವರು. ಚಟ್ನಿಪುಡಿಯಿಂದ ಮಗನಿಗೆ ಉಪಯೋಗವಾಯಿತು. ನನ್ನ ಬುದ್ಧಿವಾದ ಮಾತ್ರ ಅವನನ್ನು ಮುಳುಗಿಸಿತು. ಹೇಳಿಕೊಳ್ಳಲು ಸಂಕೋಚವಾದರೂ, ಈ ವರ್ಷ ಮಕ್ಕಳನ್ನು ಕಳುಹಿಸುತ್ತಿರುವ ಸದಸ್ಯ ಬಂಧುಗಳಿಗೆ ಪ್ರಯೋಜನವಾದೀತೆಂದು, ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅಂದು ನಾನು ಅವನಿಗೆ ಹೇಳಿದ್ದು ಇಷ್ಟೆ: "ನೋಡಪ್ಪಾ, ಗುಂಪು ಕಟ್ಟಿಕೊಂಡು ಅಲೆಯಬೇಡ. ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಓದು." ಈ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಪರೀಕ್ಷೆ ಹತ್ತಿರ ಬಂದಾಗ ಗೆಳೆಯರು ಬಾಗಿಲು ತಟ್ಟಿದರೆ, "ಅವನು ಓದ್ತಿದಾನೆ, ಆಮೇಲೆ ಬನ್ನಿ" ಎಂದು ಅಟ್ಟುತ್ತಿದ್ದ ತಾಯಂದಿರ ಮಕ್ಕಳೇ ನಾವೆಲ್ಲ. ಮಗ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಹೈಸ್ಕೂಲಿನಲ್ಲಿ ಗಣಿತಕ್ಕೆ ಎತ್ತಿದ ಕೈ ಎನಿಸಿಕೊಂಡಿದ್ದವನು ಇಂಜಿನಿಯರಿಂಗ್ ಸೇರಿ, ಕ್ಯಾಲ್ಕುಲಸ್ ಪುಸ್ತಕ ಹಿಡಿದು ಒಬ್ಬನೇ ಕೂತ. ಮೊದಲ ಮಿಡ್‌ಟರ್ಮಿನಲ್ಲಿ ನೂರಕ್ಕೆ 41 ಬಂತು. ಬಾಗಿಲನ್ನು ಇನ್ನೂ ಗಟ್ಟಿಯಾಗಿ ಹಾಕಿಕೊಂಡ.

ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದೆವು. ಅವನಮ್ಮ "ಊಟ ಆಯ್ತೇನೋ?" ಎನ್ನುವಳು. ನಾನು "ಗ್ರೇಡು ಹೇಗಿದೆ?" ಎನ್ನುವೆ. "ಎಲ್ಲಾ ಸರಿಯಿದೆ ಅಪ್ಪಾ" ಎಂಬ ಉತ್ತರ ಬರುತ್ತಿತ್ತು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದಾಗ ಸೊರಗಿದ್ದ. ಹಾಸ್ಟೆಲ್ ಊಟ ಸೇರುತ್ತಿಲ್ಲವೆಂದುಕೊಂಡೆವು. ಕೊನೆಗೆ ಜನವರಿಯಲ್ಲಿ, ಮತ್ತೆ ಹೊರಡುವ ಹಿಂದಿನ ರಾತ್ರಿ, ಅಡುಗೆಮನೆಯಲ್ಲಿ ಬಾಯಿ ಬಿಟ್ಟ. ಕ್ಯಾಲ್ಕುಲಸ್‌ನಲ್ಲಿ ಎಫ್, ಸರಾಸರಿ 2ಕ್ಕಿಂತ ಕೆಳಗೆ, ಮುಂದಿನ ಸೆಮಿಸ್ಟರ್ ಪ್ರೊಬೇಷನ್.

"ಪ್ರೊಫೆಸರರ ಆಫೀಸ್ ಅವರ್ಸಿಗೆ ಯಾಕೋ ಹೋಗಲಿಲ್ಲ?"

"ಹೋದರೆ ನನಗೆ ಬರಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತಲ್ಲ."

"ನಮಗಾದರೂ ಹೇಳಬಾರದಿತ್ತೇ?"

"ಅದು ಇನ್ನೂ ಕಷ್ಟ ಆಗಿತ್ತಪ್ಪಾ."

ನಮಗೆ ಮೊದಲೇ ಏಕೆ ತಿಳಿಯಲಿಲ್ಲವೆಂದು ನೀವು ಕೇಳಬಹುದು. ಈ ದೇಶದಲ್ಲಿ 1974ರ ಕಾಯಿದೆಯೊಂದರ ಪ್ರಕಾರ, ಕಾಲೇಜು ಸೇರಿದ ಮೇಲೆ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದೇ. ಫೀಸು ಕಟ್ಟುವವರು ನಾವಾದರೂ ಅಂಕಪಟ್ಟಿ ನಮ್ಮ ಮನೆಗೆ ತಾನಾಗಿ ಬರುವುದಿಲ್ಲ. ಆದ್ದರಿಂದ ಮಕ್ಕಳು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೇಳುವಂಥ ವಾತಾವರಣ ನಮ್ಮ ಮನೆಯಲ್ಲಿ ಇರಲಿಲ್ಲವೆಂದು ಒಪ್ಪಿಕೊಳ್ಳಲು ನನಗೆ ಕೆಲವು ವಾರಗಳೇ ಬೇಕಾದವು.

ಆ ದಿನಗಳಲ್ಲಿ, ಗಣಿತ ಕಲಿಸುವ ಮಿತ್ರರೊಬ್ಬರು ನನಗೊಂದು ಹಳೆಯ ಅಧ್ಯಯನದ ಸಂಗತಿ ಹೇಳಿದರು. ನಮ್ಮ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲೇ 1970ರ ದಶಕದಲ್ಲಿ ನಡೆದದ್ದು. ಯುರಿ ಟ್ರೈಸ್‌ಮನ್ ಎಂಬುವರು ಆಗ ಅಲ್ಲಿ ಸಂಶೋಧನಾ ವಿದ್ಯಾರ್ಥಿ. ಅಲ್ಲಿನ ಮೊದಲ ಕ್ಯಾಲ್ಕುಲಸ್ ತರಗತಿ ಮುಗಿಸಿದ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಡಿ ಅಥವಾ ಎಫ್ ಬರುತ್ತಿತ್ತು. ಚೀನೀ ಮೂಲದ ವಿದ್ಯಾರ್ಥಿಗಳು ಅದೇ ತರಗತಿಯಲ್ಲಿ ಚೆನ್ನಾಗಿ ಮಾಡುತ್ತಿದ್ದರು. ಕಾರಣವೇನೆಂದು ಅಧ್ಯಾಪಕರನ್ನು ಕೇಳಿದಾಗ ಬಂದ ಉತ್ತರಗಳು ನಮಗೂ ಪರಿಚಿತವೇ: ಆಸಕ್ತಿ ಸಾಲದು, ಹೈಸ್ಕೂಲಿನ ತಯಾರಿ ಸಾಲದು, ಮನೆಯವರ ಬೆಂಬಲವಿಲ್ಲ, ಹಣವಿಲ್ಲ.

ಟ್ರೈಸ್‌ಮನ್ ಊಹೆಗೆ ಬಿಡದೆ, ಎರಡೂ ಗುಂಪಿನಿಂದ ಇಪ್ಪತ್ತಿಪ್ಪತ್ತು ಮಂದಿಯನ್ನು ಆರಿಸಿ, ಅವರು ಓದುವ ಜಾಗಗಳಿಗೇ ಹೋಗಿ ಕೂತು ನೋಡಿದರು. ಆ ನಾಲ್ಕು ಕಾರಣಗಳಲ್ಲಿ ಒಂದೂ ನಿಲ್ಲಲಿಲ್ಲ. ಆಫ್ರಿಕನ್ ಅಮೆರಿಕನ್ ಹುಡುಗರು ತಮ್ಮ ಶಾಲೆಗಳಲ್ಲಿ ಮುಂದಿದ್ದವರೇ. ಮಕ್ಕಳನ್ನು ಕಾಲೇಜಿಗೆ ಕಳುಹಿಸಲೇಬೇಕೆಂದು ಪಣ ತೊಟ್ಟ ತಂದೆತಾಯಿಗಳು ಅವರಿಗಿದ್ದರು. ತರಗತಿ ತಪ್ಪಿಸುತ್ತಿರಲಿಲ್ಲ, ವಾರಕ್ಕೆ ಎಂಟು ಗಂಟೆ ನಿಷ್ಠೆಯಿಂದ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಲೆಕ್ಕ ತಪ್ಪಾದಾಗ ತಪ್ಪೆಲ್ಲಿ ಎಂದು ತೋರಿಸುವವರಿರಲಿಲ್ಲ. ತನಗೊಬ್ಬನಿಗೇ ಕಷ್ಟವೋ ಎಲ್ಲರಿಗೂ ಕಷ್ಟವೋ ತಿಳಿಯುತ್ತಿರಲಿಲ್ಲ. ಚೀನೀ ವಿದ್ಯಾರ್ಥಿಗಳು ವಾರಕ್ಕೆ ಸುಮಾರು 14 ಗಂಟೆ ಕ್ಯಾಲ್ಕುಲಸ್ ಮಾಡುತ್ತಿದ್ದರು. ಅದರಲ್ಲಿ ಎಂಟು ಹತ್ತು ಗಂಟೆ ಒಬ್ಬರೇ ಕೂತು ಮಾಡಿದ್ದು. ಆಮೇಲೆ ಸಂಜೆ ಒಟ್ಟಿಗೆ ಅಡುಗೆ ಮಾಡಿ ಉಂಡು, ಉತ್ತರಗಳನ್ನು ತಾಳೆ ನೋಡುವರು. ನಾಲ್ವರಿಗೆ ಒಂದು ಉತ್ತರ ಬಂದು ತನಗೆ ಬೇರೆ ಬಂದರೆ ತಪ್ಪು ತನ್ನದು. ಯಾರಿಗೂ ಬಾರದಿದ್ದರೆ ಲೆಕ್ಕವೇ ಕಠಿಣ. ಒಮ್ಮೊಮ್ಮೆ ಯಾರದೋ ಅಣ್ಣ ಬಂದು ಪ್ರಶ್ನೆ ಕೇಳಿ ಹೋಗುವನು.

ಇನ್ನೊಂದು ಸಂಗತಿ ನನ್ನನ್ನು ಚುಚ್ಚಿತು. ಹಿಂದುಳಿದವರಿಗೆಂದು ಯೂನಿವರ್ಸಿಟಿ ತೆರೆದಿದ್ದ ಸಹಾಯ ಕೇಂದ್ರಗಳತ್ತ ಆ ಹುಡುಗರು ಸುಳಿಯುತ್ತಿರಲಿಲ್ಲ. ಊರಲ್ಲಿ ಬೇರೆಯವರಿಗೆ ಪಾಠ ಹೇಳಿಕೊಟ್ಟು ಬಂದವರು, ಇಲ್ಲಿ ತಾವೇ ಹೇಳಿಸಿಕೊಳ್ಳಲು ಹೇಗೆ ಹೋದಾರು? ಆದ್ದರಿಂದ 1978ರಲ್ಲಿ ಟ್ರೈಸ್‌ಮನ್ ಆರಂಭಿಸಿದ ಕಾರ್ಯಶಾಲೆ ದುರ್ಬಲರ ಪಾಠಶಾಲೆಯಾಗಿರಲಿಲ್ಲ. ಮಾಮೂಲಿಗಿಂತ ಕಠಿಣವಾದ ಲೆಕ್ಕಗಳನ್ನು ಕೊಟ್ಟು, ಐದಾರು ಮಂದಿಯನ್ನು ಒಂದು ಮೇಜಿನ ಸುತ್ತ ಕೂರಿಸಿದರು. ಅದೇ ಹಿನ್ನೆಲೆಯ ವಿದ್ಯಾರ್ಥಿಗಳು ಬಿ, ಎ ಪಡೆಯತೊಡಗಿದರು. 1988ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲೂ ಅಂಥ ಕಾರ್ಯಶಾಲೆ ಆರಂಭವಾಯಿತು.

ನನ್ನ ಮಗನ ಕಥೆ ಇದೇ ಅಲ್ಲವೇ? ಬುದ್ಧಿ ಇತ್ತು, ಶ್ರಮವಿತ್ತು, ಮನೆಯ ಬೆಂಬಲವೂ ಇತ್ತು. ಜೊತೆ ಇರಲಿಲ್ಲ. ಜೊತೆ ಬೇಡವೆಂದು ಹೇಳಿ ಕಳುಹಿಸಿದವನು ನಾನು.

ಆಗ ನೆನಪಾದದ್ದು ನಮ್ಮ ತಾತ. 1930ರ ದಶಕದಲ್ಲಿ ಹಾಸನದ ಕಡೆಯ ಹಳ್ಳಿಯಿಂದ ಮೈಸೂರಿಗೆ ಓದಲು ಬಂದವರು. ವಾರಾನ್ನದ ಹುಡುಗ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಒಂದು ಕೊಠಡಿಯಲ್ಲಿ ಮೂವರು, ಮೂವರಿಗೂ ಸೇರಿ ಒಂದು ಲಾಂದ್ರ, ಬೀಜಗಣಿತದ ಪುಸ್ತಕವೂ ಒಂದೇ. ಒಬ್ಬ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ತಿಳಿಯದಿದ್ದರೆ ಜಗಳವಾಡಿ ಬಿಡಿಸುವುದು. ಆ ವ್ಯವಸ್ಥೆಯಲ್ಲಿ ಕುಂದು ಇರಲಿಲ್ಲವೆಂದಲ್ಲ. ವಾರಾನ್ನ ಬಹುಮಟ್ಟಿಗೆ ಜಾತಿಯ ಗೆರೆಯೊಳಗೇ ಇತ್ತು; ತಟ್ಟೆಯ ಮುಂದೆ ಅವಮಾನ ನುಂಗಿದವರೂ ಇದ್ದರು. ಆದರೂ ಊರು ಬಿಟ್ಟು ಬಂದ ಹುಡುಗ ಎರಡು ದಿನ ಕಾಣದಿದ್ದರೆ "ಯಾಕೆ ಬರಲಿಲ್ಲ?" ಎಂದು ಕೇಳುವ ಮನೆ ಇರುತ್ತಿತ್ತು. ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಕುವೆಂಪು ಅವರಿಗೆ ಮೈಸೂರಿನ ರಾಮಕೃಷ್ಣಾಶ್ರಮ ಆಶ್ರಯವಾಗಿತ್ತು. ತುಮಕೂರಿನ ಸಿದ್ಧಗಂಗೆಯಲ್ಲಿ ಇಂದಿಗೂ ಸಾವಿರಾರು ಮಕ್ಕಳು ಒಟ್ಟಿಗೆ ಉಂಡು ಓದುತ್ತಾರೆ. ಬಡತನ ತಾತನಿಗೆ ಕೊಟ್ಟಿದ್ದನ್ನು, ನಾನು ಮಗನಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ದೀಪ ಕೊಟ್ಟು ತಪ್ಪಿಸಿದ್ದೆ.

ಮಗ ಮುಂದಿನ ಸೆಮಿಸ್ಟರಿನಲ್ಲಿ ಅದೇ ಕ್ಯಾಲ್ಕುಲಸನ್ನು ಮತ್ತೆ ತೆಗೆದುಕೊಂಡ. ಬುಧವಾರ ಸಂಜೆ ಇನ್ನೂ ಮೂವರ ಜೊತೆ ಲೈಬ್ರರಿಯಲ್ಲಿ ಕೂರತೊಡಗಿದ. ಮೊದಲು ತಾನೇ ಮಾಡಿ, ಆಮೇಲೆ ತಾಳೆ ನೋಡುವುದು. ಆಫೀಸ್ ಅವರ್ಸಿಗೂ ಹೋದ. ಒಬ್ಬನೇ ಹೋಗಲು ನಾಚಿಕೆಯೆಂದು ನಾಲ್ವರೂ ಹೋದರಂತೆ. ಬಿ ಬಂತು. ಪವಾಡವೇನಲ್ಲ, ಆದರೆ ಪ್ರೊಬೇಷನ್ ಕಳೆಯಿತು. ಫೋನಿನಲ್ಲಿ ಈಗ ಅವನಾಗಿಯೇ "ಈ ವಾರದ ಲೆಕ್ಕ ಯಾರಿಗೂ ಬರಲಿಲ್ಲಪ್ಪಾ" ಎಂದು ನಗುತ್ತಾನೆ.

ಸದಸ್ಯರಲ್ಲಿ ನನ್ನ ವಿನಂತಿಗಳಿಷ್ಟು. ಮಕ್ಕಳಿಗೆ ಗ್ರೇಡು ಕೇಳುವ ಮೊದಲು "ಯಾರ ಜೊತೆ ಓದುತ್ತಿದ್ದೀಯಾ?" ಎಂದು ಕೇಳಿ. ಕೋರ್ಸು ಬಿಡಲು ಒಂದು ಗಡುವಿರುತ್ತದೆ. ಅದು ದಾಟುವ ಮೊದಲೇ ಅಡ್ವೈಸರನ್ನು ಕಾಣುವಂತೆ ಹೇಳಿ. ಊರಿನಿಂದ ಎಫ್-1 ವೀಸಾದಲ್ಲಿ ಬಂದ ವಿದ್ಯಾರ್ಥಿಗಳು ನಿಮ್ಮ ಪರಿಚಯದಲ್ಲಿದ್ದರೆ, ಕೋರ್ಸು ಕಡಿಮೆ ಮಾಡುವ ಮುನ್ನ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಪಡೆಯಬೇಕೆಂದು ತಪ್ಪದೆ ತಿಳಿಸಿ. ಇಲ್ಲದಿದ್ದರೆ ವೀಸಾಕ್ಕೇ ಕುತ್ತು. ಮಂಕು ಕವಿದ ಮಗುವಿಗೆ ಗುಂಪು ಓದೊಂದೇ ಮದ್ದಲ್ಲ. ಕ್ಯಾಂಪಸ್ಸಿನಲ್ಲಿ ಕೌನ್ಸೆಲರ್ ಇರುತ್ತಾರೆ, ಮತ್ತು 2022ರಿಂದ ಹಗಲು ರಾತ್ರಿ ಯಾವಾಗ ಬೇಕಾದರೂ 988ಕ್ಕೆ ಫೋನ್ ಮಾಡಬಹುದು. ಅದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ.

ಕೊನೆಯದಾಗಿ, ನಮ್ಮ ಕೂಟ ವಾರಾನ್ನವನ್ನು, ಅದರ ಜಾತಿಯ ಗೆರೆ ಅಳಿಸಿ, ಮತ್ತೆ ಆರಂಭಿಸಬಾರದೇಕೆ? ಹತ್ತಿರದ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರಿಗೆ ತಿಂಗಳಿಗೊಂದು ಭಾನುವಾರ ಒಂದೊಂದು ಮನೆಯಲ್ಲಿ ಊಟ, ಆಮೇಲೆ ಊಟದ ಮೇಜಿನ ಮೇಲೆಯೇ ಓದು. ಮೊದಲ ಭಾನುವಾರ ನಮ್ಮ ಮನೆಯಲ್ಲಿ. ಹುಳಿ ಅನ್ನಕ್ಕೆ ಕೊರತೆಯಿಲ್ಲ. ಒಪ್ಪುವವರು ಕಾರ್ಯದರ್ಶಿಗಳಿಗೆ ತಿಳಿಸಿ.

ಈ ವರ್ಷ ನಮ್ಮ ಮಗಳ ಸರದಿ. ಏನು ಬುದ್ಧಿವಾದ ಹೇಳಲೆಂದು ವಾರದಿಂದ ಯೋಚಿಸುತ್ತಿದ್ದೆ. "ಏನೂ ಬೇಡಪ್ಪಾ, ಚಟ್ನಿಪುಡಿ ಎರಡು ಡಬ್ಬ ಕೊಡಿ. ಪಕ್ಕದ ರೂಮಿನವರಿಗೂ ಬೇಕಾಗುತ್ತೆ" ಎಂದಳು.