ಮಾತು ಬಾರದ ಮಗುವೂ ‘ಬೇಡ’ ಎನ್ನುವಂತಾಗಲಿ

ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಗೆ ದೊಡ್ಡ ಆಪರೇಷನ್‌ಗೆಂದು ಬರುವ ಕೆಲವು ಮಕ್ಕಳಿಗೆ ಮುಂಚಿತವಾಗಿಯೇ ಒಂದು ಕೆಲಸ ಕೊಡುತ್ತಾರೆ. ಎಚ್ಚರವಾದ ಮೇಲೆ ಏನೇನು ಹೇಳಬೇಕೆನಿಸಬಹುದು ಎಂಬುದನ್ನು ಸ್ಪೀಚ್ ಥೆರಪಿಸ್ಟ್ ಜೊತೆ ಕೂತು ಯೋಚಿಸಿ, ಅಷ್ಟನ್ನೂ ತಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿಡುವ ಕೆಲಸ. ಏಕೆಂದರೆ ಕಣ್ಣು ಬಿಡುವ ಹೊತ್ತಿಗೆ ಗಂಟಲಲ್ಲಿ ವೆಂಟಿಲೇಟರ್‌ನ ನಳಿಕೆ ಇರುತ್ತದೆ. ಅದು ಧ್ವನಿತಂತುಗಳ ನಡುವೆಯೇ ಹಾದು ಶ್ವಾಸನಾಳಕ್ಕೆ ಇಳಿದಿರುವುದರಿಂದ ಮಗು ಎಷ್ಟು ಅತ್ತರೂ ಸದ್ದು ಹೊರಡುವುದಿಲ್ಲ. ಆಗ ಹಾಸಿಗೆಯ ಪಕ್ಕ ಇಟ್ಟ ಉಪಕರಣದಲ್ಲಿ ಒಂದು ಚಿತ್ರ ಒತ್ತಿದರೆ ಸಾಕು, ಮಗುವಿನ ದನಿಯೇ ಕೇಳುತ್ತದೆ. ಈ ಕ್ರಮವನ್ನು ರೂಪಿಸಿದ ಜಾನ್ ಕಾಸ್ಟೆಲೊ 2000ನೇ ಇಸವಿಯಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು.

ಆ ಉಪಕರಣ ದುಬಾರಿಯೋ ಅಗ್ಗವೋ ಎಂಬುದು ಆಮೇಲಿನ ಮಾತು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಬೇರೆಯೇ ಒಂದು ಸಂಗತಿ: ಯಾವ ಮಾತು ಬೇಕೆಂದು ಅಲ್ಲಿ ಮಗುವನ್ನೇ ಕೇಳುತ್ತಾರೆ.

ಸಾಮಾನ್ಯವಾಗಿ ಮಾತಾಡಲಾಗದ ಮಕ್ಕಳು ಬೇಕಾದ್ದನ್ನು ತೋರಿಸಿ ಹೇಳುವ ಚಿತ್ರಪಟವನ್ನು ವಾರ್ಡಿಗೆಂದು ಮಾಡಲು ಕೂತವರ ಕೈಗೆ ಮೊದಲು ಬರುವುದು ನೀರು, ಊಟ, ಟಾಯ್ಲೆಟ್, ನೋವು. ಇವೆಲ್ಲ ಬೇಕಾದವೇ. ಆದರೆ ಇವು ನೋಡಿಕೊಳ್ಳುವವರಿಗೆ ಬೇಕಾದ ಉತ್ತರಗಳು. ಬಿಳಿ ಗೋಡೆಗಳ ನಡುವೆ, ಮಾಸ್ಕ್ ಹಾಕಿದ ಅಪರಿಚಿತರ ಕೈಯಲ್ಲಿ ಸೂಜಿ ನೋಡುತ್ತ ಮಲಗಿದ ಮಗುವಿನ ಮನಸ್ಸಿನಲ್ಲಿ ಓಡುವ ಮಾತುಗಳು ಬೇರೆ. ‘ಬೇಡ’. ‘ಸ್ವಲ್ಪ ತಡೀರಿ’. ‘ಹೆದರಿಕೆ ಆಗ್ತಿದೆ’. ‘ಈಗ ಏನ್ ಮಾಡ್ತೀರಿ?’ ‘ಅಮ್ಮ ಎಲ್ಲಿ?’ ಮಾತು ಬರುವ ಮಗು ಇದನ್ನೆಲ್ಲ ಕೂಗಿ ಹೇಳುತ್ತದೆ, ವಾರ್ಡಿನ ಆ ತುದಿಗೂ ಕೇಳುವಂತೆ. ಸೆರೆಬ್ರಲ್ ಪಾಲ್ಸಿಯಿಂದ ನಾಲಿಗೆ ಹಿಡಿತಕ್ಕೆ ಸಿಗದ ಮಗುವಿಗೆ, ಆಟಿಸಂ ಇದ್ದು ಮಾತು ಮೂಡದ ಮಗುವಿಗೆ, ಕುತ್ತಿಗೆಯಲ್ಲಿ ನಳಿಕೆ ಇರುವ ಮಗುವಿಗೆ ಆ ಹಕ್ಕು ಚಿತ್ರಪಟದಲ್ಲೇ ಸಿಗಬೇಕು.

‘ಬೇಡ’ ಅಂದುಬಿಟ್ಟರೆ ಇಂಜೆಕ್ಷನ್ ಬಿಡೋಕಾಗುತ್ತಾ ಎಂದು ಯಾರಾದರೂ ಕೇಳಬಹುದು. ಬಿಡಲಾಗದು. ಆದರೆ ಯಾವ ಕೈಗೆ, ಅಮ್ಮನ ಮಡಿಲಲ್ಲೋ ಹಾಸಿಗೆಯಲ್ಲೋ, ಮೂರು ಎಣಿಸಿ ಚುಚ್ಚಬೇಕೋ ಹಾಗೇ ಚುಚ್ಚಬೇಕೋ ಎಂಬುದನ್ನು ಮಗುವಿಗೆ ಬಿಡಬಹುದಲ್ಲ? ‘ನಿಂಗೆ ಬೇಡ ಅಂತ ಗೊತ್ತಾಯ್ತು ಪುಟ್ಟಾ, ಆದ್ರೂ ಕೊಡ್ಲೇಬೇಕು’ ಎಂದು ಹೇಳಿ ಚುಚ್ಚುವುದಕ್ಕೂ ನಾಲ್ಕು ಜನ ಅದುಮಿ ಹಿಡಿದು ಚುಚ್ಚುವುದಕ್ಕೂ ಬಹಳ ಅಂತರವಿದೆ.

ಹೇಳಲಾರದವರಿಗೆ ನೋವೂ ಇಲ್ಲ ಎಂಬ ನಂಬಿಕೆ ವೈದ್ಯಲೋಕದಲ್ಲೇ ಬೇರೂರಿತ್ತು. 1980ರ ದಶಕದವರೆಗೂ ಅವಧಿಗೆ ಮುನ್ನ ಹುಟ್ಟಿದ ಎಷ್ಟೋ ಶಿಶುಗಳಿಗೆ, ಅಲುಗಾಡದಂತೆ ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟು, ನೋವು ಶಮನದ ಔಷಧ ಅತ್ಯಲ್ಪವಾಗಿ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಇಂದೋರ್‌ನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟದ್ದು ಇದನ್ನೇ ಪ್ರಶ್ನಿಸಿತು. ಫೆಂಟನಿಲ್ ಎಂಬ ಪ್ರಬಲ ನೋವು ನಿವಾರಕ ಪಡೆದ ಶಿಶುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಅಷ್ಟಾಗಿ ಏರಲಿಲ್ಲ, ಆಪರೇಷನ್ ನಂತರದ ತೊಡಕುಗಳೂ ಕಡಿಮೆಯಾದವು. ಬಾಯಿ ಹೇಳದ್ದನ್ನು ರಕ್ತ ಹೇಳಿತ್ತು.

ಆಮೇಲೆ ನೋವಿಗೆ ಅಳತೆಗೋಲುಗಳು ಬಂದವು. 1997ರಲ್ಲಿ ಪ್ರಕಟವಾದ ‘ಫ್ಲ್ಯಾಕ್’ ಮಾಪಕದಲ್ಲಿ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನಕ್ಕೆ ಬಗ್ಗುವಿಕೆ ಎಂಬ ಐದು ಅಂಶಗಳಿಗೆ ತಲಾ 0ಯಿಂದ 2 ಅಂಕ. ಆದರೆ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕಾಲು ನೋವಿಲ್ಲದಾಗಲೂ ಸೆಟೆದೇ ಇರಬಹುದು. ಅಂಥ ಮಗುವನ್ನು ಈ ಕೋಲಿನಲ್ಲಿ ಅಳೆಯುವುದು ಹೇಗೆ? 2006ರಲ್ಲಿ ಮಾಪಕವನ್ನು ತಿದ್ದಿದಾಗ ಅದಕ್ಕೊಂದು ದಾರಿ ಮಾಡಿದರು: ನಿಮ್ಮ ಮಗು ನೋವನ್ನು ಹೇಗೆ ತೋರಿಸುತ್ತದೆ ಎಂದು ತಾಯಿತಂದೆಯನ್ನು ಕೇಳಿ ಅದನ್ನೂ ಸೇರಿಸುವುದು. ಒಬ್ಬಳು ಇದ್ದಕ್ಕಿದ್ದಂತೆ ಸುಮ್ಮನಾಗಬಹುದು, ಇನ್ನೊಬ್ಬ ತನ್ನ ಕೈಯನ್ನೇ ಕಚ್ಚಿಕೊಳ್ಳಬಹುದು. ‘ನೋವಾದ್ರೆ ಇವ್ನು ಅಳಲ್ಲ ಸಿಸ್ಟರ್, ಕಿವಿ ಎಳ್ಕೊಳ್ತಾನೆ’ ಎಂದು ತಾಯಿ ಹೇಳಿದರೆ ಅದು ಥರ್ಮಾಮೀಟರ್ ಓದಿದಷ್ಟೇ ಬೆಲೆಯ ಮಾಹಿತಿ.

ಕೈಯೂ ಆಡದ ಮಗುವಿಗೆ ಕಣ್ಣಿದೆ. ಒಂದು ಪಾರದರ್ಶಕ ಹಾಳೆ ತೆಗೆದುಕೊಂಡು ನಾಲ್ಕು ಮೂಲೆಗೆ ನಾಲ್ಕು ಚಿತ್ರ ಅಂಟಿಸಿ. ಮಗುವಿನ ಮುಖಕ್ಕೂ ನಿಮ್ಮ ಮುಖಕ್ಕೂ ನಡುವೆ ಹಿಡಿಯಿರಿ. ಮಗು ಯಾವ ಮೂಲೆ ನೋಡಿತೆಂದು ಹಾಳೆಯ ಈಚೆಯಿಂದ ನಿಮಗೆ ಕಾಣುತ್ತದೆ. ಕಂಡದ್ದನ್ನು ಬಾಯಿಬಿಟ್ಟು ಹೇಳಿ, ಹೌದೋ ಅಲ್ಲವೋ ಕೇಳಿ. ಮತ್ತೆ ಕಾಯಿರಿ, ಹತ್ತು ಸೆಕೆಂಡಾದರೂ. ರೌಂಡ್ಸ್ ನಡೆಯುವ ಹೊತ್ತಿನಲ್ಲಿ ಹತ್ತು ಸೆಕೆಂಡು ಬಹಳ ಉದ್ದ. ಉತ್ತರ ಬರುವ ಮೊದಲೇ ಎರಡನೇ ಪ್ರಶ್ನೆ, ಮೂರನೇ ಪ್ರಶ್ನೆ ಬಿದ್ದರೆ ಮಗು ಕಣ್ಣು ಮುಚ್ಚಿಬಿಡುತ್ತದೆ. ‘ರೆಸ್ಪಾನ್ಸ್ ಇಲ್ಲ’ ಎಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಾರೆ.

ಇನ್ನೊಂದು ಅತಿ ಸಣ್ಣ ವಿಷಯ, ಆದರೆ ನನ್ನನ್ನು ಹೆಚ್ಚು ಕಾಡುವುದು. ಡ್ರಿಪ್ ಹಾಕಿದ ಕೈ ಅಲುಗಬಾರದೆಂದು ರಟ್ಟು ಕಟ್ಟುತ್ತಾರೆ. ಬಲಗೈ ಬೆರಳಿಂದ ಚಿತ್ರ ತೋರಿಸಿಯೇ ಮಾತಾಡುವ ಮಗುವಿನ ಬಲಗೈಗೇ ಅದನ್ನು ಕಟ್ಟಿದರೆ ಬಾಯಿ ಕಟ್ಟಿದಂತೆಯೇ. ಸನ್ನೆಭಾಷೆ ಬಳಸುವ ಕಿವುಡ ಮಗುವಿಗೂ ಇದೇ ಮಾತು. ನರ ಸಿಕ್ಕರೆ ಇನ್ನೊಂದು ಕೈಗೆ ಹಾಕಲು ಖರ್ಚೇನೂ ಇಲ್ಲ. ಮೊದಲೇ ಕೇಳಿದ್ದರಾಯಿತು.

ನಮ್ಮಲ್ಲಿ ಈ ವಿದ್ಯೆಗೆ ಕೊರತೆಯಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ; ಮಾತಿಗೆ ಪರ್ಯಾಯವಾದ ಸಂವಹನವನ್ನು ಅಲ್ಲಿ ಕಲಿಸುತ್ತಾರೆ. ಚೆನ್ನೈನ ಅಜಿತ್ ನಾರಾಯಣನ್ ಅಲ್ಲಿನ ವಿದ್ಯಾಸಾಗರ್ ಸಂಸ್ಥೆಯ ಮಕ್ಕಳೊಂದಿಗೆ ಕೆಲಸ ಮಾಡಿ ರೂಪಿಸಿದ ‘ಆವಾಜ್’, ಐಐಟಿ ಬಾಂಬೆಯಲ್ಲಿ ತಯಾರಾದ ‘ಜೆಲ್ಲೋ’ ಆ್ಯಪ್‌ಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ದ ವ್ಯಾಖ್ಯೆಯಲ್ಲೇ ಇಂಥ ಪರ್ಯಾಯ ವಿಧಾನಗಳನ್ನು ಸೇರಿಸಿದೆ. ಆದರೂ ವಿಶೇಷ ಶಾಲೆಯಲ್ಲಿ ವರ್ಷಗಟ್ಟಲೆ ಕಲಿತ ಚಿತ್ರಪಟ ಜ್ವರದ ಗಡಿಬಿಡಿಯಲ್ಲಿ ಮನೆಯಲ್ಲೇ ಉಳಿಯಬಹುದು. ತಂದರೂ ‘ಆಟದ ಸಾಮಾನು ಒಳಗೆ ಬೇಡ’ ಎಂದು ಐಸಿಯು ಬಾಗಿಲಲ್ಲಿ ತಡೆಯಬಹುದು. ಲ್ಯಾಮಿನೇಟ್ ಮಾಡಿಸಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ ಒಳಗೆ ಬಿಡಬಹುದು. ಕನ್ನಡಕ, ಶ್ರವಣಯಂತ್ರಗಳಿಗೂ ಇದೇ ರಿಯಾಯಿತಿ ಬೇಕು.

ಅಮ್ಮ ಜೊತೆಗಿರುವಷ್ಟು ಹೊತ್ತು ಅವಳೇ ಮಗುವಿನ ದುಭಾಷಿ. ಐಸಿಯುವಿನಲ್ಲಿ ಅವಳನ್ನು ಹೊರಗೆ ಕೂರಿಸುತ್ತಾರೆ, ಒಳಗೆ ಡ್ಯೂಟಿ ದಿನಕ್ಕೆ ಎರಡು ಮೂರು ಸಲ ಬದಲಾಗುತ್ತದೆ. ಬೆಳಗಿನ ಸಿಸ್ಟರ್‌ಗೆ ಗೊತ್ತಾದದ್ದು ರಾತ್ರಿಯವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಅಡ್ಮಿಟ್ ಆಗುವಾಗಲೇ, ಕೇಸ್ ಶೀಟಿನ ಮೊದಲ ಪುಟದಲ್ಲಿ, ಯಾವ ಔಷಧ ಒಗ್ಗುವುದಿಲ್ಲ ಎಂದು ಬರೆಯುವ ಜಾಗದ ಪಕ್ಕದಲ್ಲೇ ಬರೆದಿಡಬೇಕು: ‘ಹೌದು ಅನ್ನಲು ಕಣ್ಣು ಮೇಲೆತ್ತುತ್ತಾಳೆ. ಬೇಡ ಅನ್ನಲು ಮುಖ ತಿರುಗಿಸುತ್ತಾಳೆ. ಎಲ್ಲವೂ ಅರ್ಥವಾಗುತ್ತದೆ. ಎಡಗೈಗೆ ಡ್ರಿಪ್ ಹಾಕಿ.’