ಪೀಠವಾಗಿದ್ದ ಶಾಸನ

ನೊಳಂಬವಾಡಿಯನ್ನಾಳಿದ ಪಾಂಡ್ಯರಿಂದ ಹೊಯ್ಸಳರಿಗೂ ಮುಂದೆ ಪಾಳೆಯಗಾರರಿಗೂ ಕೈಬದಲಾದ ಉಚ್ಚಂಗಿದುರ್ಗದಂತಹ ಕೋಟೆಗಳಲ್ಲಿ, ಹಳೆಯ ಕಟ್ಟಡದ ಕಲ್ಲು ಹೊಸ ಗೋಡೆಗೆ ಸೇರುವುದು ಸಹಜವಾಗಿತ್ತು. ಹೀಗೆ ಮರುಬಳಕೆಯಾದ ಕೆತ್ತನೆಯ ಕಲ್ಲುಗಳನ್ನು ವಿದ್ವಾಂಸರು ‘ಸ್ಪೋಲಿಯಾ’ ಎನ್ನುತ್ತಾರೆ. ಈ ಲ್ಯಾಟಿನ್ ಪದಕ್ಕೆ ಸೂರೆಯ ಸೊತ್ತು ಎಂಬ ಅರ್ಥವಿದ್ದರೂ, ಅಂತಹ ಕಲ್ಲುಗಳೆಲ್ಲವೂ ಸೂರೆಯಿಂದ ಬಂದವಲ್ಲ. ಬಿದ್ದ ಗುಡಿಯ ಕಲ್ಲನ್ನು ಊರವರೇ ತಂದು ಕಟ್ಟಿರುವುದೂ ಉಂಟು. ಇಂತಹ ಮರುಬಳಕೆ ಹೊರದೇಶಗಳಲ್ಲಿಯೂ ಇದೆ: ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ 12ನೆಯ ಶತಮಾನದಲ್ಲಿ ಆರಂಭವಾದ ಮಹಾ ಇಗರ್ಜಿಯ ಪೂರ್ವ ಗೋಡೆಯ ಬುಡದಲ್ಲಿ, ಅದಕ್ಕಿಂತ ಹಿಂದಿನ ಕ್ರೈಸ್ತರ ಶಿಲುಬೆಯ ಕೆತ್ತನೆಯುಳ್ಳ ಸಮಾಧಿಶಿಲೆಗಳು ದೊರೆತಿವೆ.

ಕರ್ನಾಟಕದಲ್ಲಿ ಇದಕ್ಕೆ ಬಹುದೊಡ್ಡ ನಿದರ್ಶನ ಭೀಮಾ ತೀರದ ಸನ್ನತಿಯಲ್ಲಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯು ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನವೆಂಬುದು ಬೆಳಕಿಗೆ ಬಂದಿತು. ಬ್ರಾಹ್ಮಿ ಲಿಪಿಯ ಪ್ರಾಕೃತ ಬರಹ ಕಲ್ಲಿನ ಎರಡೂ ಮುಖಗಳಲ್ಲಿದ್ದು, ವಿಗ್ರಹವನ್ನು ನಿಲ್ಲಿಸಲು ನಡುವೆ ಕೊರೆದ ಆಯತಾಕಾರದ ಕುಳಿಯಲ್ಲಿ ಕೆಲವು ಅಕ್ಷರಗಳು ನಾಶವಾಗಿವೆ. ಉಳಿದ ಬರಹವಾದರೋ ಅಮೂಲ್ಯವಾದುದು: ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡಿದ್ದ ‘ಪ್ರತ್ಯೇಕ ಶಾಸನಗಳು’ ಎಂದು ವಿದ್ವಾಂಸರು ಕರೆಯುವ ಅಶೋಕನ ಎರಡು ಶಾಸನಗಳು ಇಲ್ಲಿಯೂ ದೊರೆತವು. ಪರಮತವನ್ನು ಗೌರವಿಸಬೇಕೆಂದು ಬೋಧಿಸುವ 12ನೆಯ ಶಿಲಾಶಾಸನವೂ ಇದೇ ಕಲ್ಲಿನಲ್ಲಿದ್ದು, ಅದು ಬೇರೊಂದು ಪಂಥದ ದೇವತೆಯ ಅಡಿಯಲ್ಲಿ ಉಳಿದುಬಂದಿತೆಂಬುದು ಮನಮುಟ್ಟುವ ಸಂಗತಿ.

ಮರುಬಳಕೆಯ ಕಲ್ಲನ್ನು ಗುರುತಿಸುವುದು ಕಷ್ಟವಲ್ಲ. ಅರ್ಧಕ್ಕೆ ಕತ್ತರಿಸಿದ ಬಳ್ಳಿ, ತಲೆಕೆಳಗಾದ ಆಕೃತಿ, ಅಡ್ಡ ಮಲಗಿಸಿದ ವೀರಗಲ್ಲು, ಕಾರಣವಿಲ್ಲದೆ ಕಾಣುವ ಗೂಟದ ಕುಳಿ ಇವೇ ಅದರ ಸುಳಿವುಗಳು. ಇಂತಹ ಒಂದೊಂದು ಕಲ್ಲಿಗೂ ಎರಡು ಚರಿತ್ರೆಗಳಿರುತ್ತವೆ. ಕೆತ್ತನೆಯು ಮೊದಲ ಕಾಲವನ್ನು ತಿಳಿಸಿದರೆ, ಅದು ಗೋಡೆಯಲ್ಲಿ ಕುಳಿತಿರುವ ಸ್ಥಾನವು ಎರಡನೆಯ ಕಾಲವನ್ನು ತಿಳಿಸುತ್ತದೆ. ಆದುದರಿಂದ ಕಲ್ಲನ್ನು ಕಿತ್ತು ತೆಗೆದರೆ ಎರಡನೆಯ ಚರಿತ್ರೆ ಅಳಿಯುತ್ತದೆ, ಸುಣ್ಣವನ್ನೋ ಸಿಮೆಂಟನ್ನೋ ಬಳಿದರೆ ಮೊದಲನೆಯದು ಮರೆಯಾಗುತ್ತದೆ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಊರುಗಳಲ್ಲಿ ಗುಡಿಯ ಜೀರ್ಣೋದ್ಧಾರಕ್ಕೆ ಕೈಹಾಕುವವರು ಮೊದಲು ಪ್ರತಿ ಕಲ್ಲಿನ ಛಾಯಾಚಿತ್ರ ತೆಗೆದು, ಪುರಾತತ್ತ್ವ ಇಲಾಖೆಗೆ ತಿಳಿಸುವುದು ಅತ್ಯಗತ್ಯ. ಸನ್ನತಿಯ ಕಲ್ಲು ಸಿಕ್ಕಿದ್ದು ಛಾವಣಿ ಕುಸಿದುದರಿಂದ. ಉಳಿದವನ್ನು ಕಾಣಲು ಗುಡಿಗಳು ಕುಸಿಯುವವರೆಗೆ ಕಾಯಬೇಕಾಗಿಲ್ಲ.