ಭಾರ ತಾಳುವ ತಂತ್ರಾಂಶ, ಹೊಣೆ ಹೊರುವ ನಾಯಕರು

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗೆ ಎಲ್ಲ ರೈತರೂ ಒಂದೇ ದಿನ ಬೇಲ್ ಹೊತ್ತ ಗಾಡಿಗಳನ್ನು ತಂದು ನಿಲ್ಲಿಸಿದರೆ ಏನಾದೀತು? ಪರೀಕ್ಷಾ ಫಲಿತಾಂಶದ ದಿನ ಜಾಲತಾಣಗಳಿಗೆ ಒದಗುವ ಪಾಡೂ ಅಂಥದೇ. ಲಕ್ಷಾಂತರ ವಿದ್ಯಾರ್ಥಿಗಳು ಒಟ್ಟಿಗೆ ನೋಂದಣಿ ಸಂಖ್ಯೆ ಒತ್ತಿದಾಗ ಗಣಕಯಂತ್ರ ತಾಳಿಕೊಳ್ಳಬೇಕು. ತಾಳೀತೇ ಎಂದು ಸಾವಿರಾರು ಕೃತಕ ಬಳಕೆದಾರರನ್ನು ಸೃಷ್ಟಿಸಿ, ಮೊದಲೇ ಭಾರ ಹೇರಿ ನೋಡುವ ವಿದ್ಯೆಗೆ 'ಪರ್ಫಾರ್ಮೆನ್ಸ್ ಟೆಸ್ಟಿಂಗ್' ಎಂದು ಹೆಸರು.

ಇಂಥ ಕೆಲಸವನ್ನೂ ಮಾಡುವ ದೊಡ್ಡ ಸಂಸ್ಥೆಯೊಂದರ ನಾಯಕರ ಕಥೆ ನಮ್ಮ ಜಿಲ್ಲೆಯನ್ನು ಹಾದುಹೋಗುತ್ತದೆ. ಶಾಲಾ ಮೇಷ್ಟರ ಮಗ ಎನ್.ಆರ್. ನಾರಾಯಣಮೂರ್ತಿ ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಗೆದ್ದರೂ ಖರ್ಚು ಭರಿಸುವ ಶಕ್ತಿ ಮನೆಯವರಿಗೆ ಇರಲಿಲ್ಲ. ಅವರು ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಓದಿ 1967ರಲ್ಲಿ ಪದವಿ ಪಡೆದರು. ಸ್ನಾತಕೋತ್ತರ ಪದವಿಗೆ ಕಾನ್ಪುರದ ಐಐಟಿಯನ್ನೇ ಸೇರಿದರು. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಕೂಡಿ ಇನ್ಫೋಸಿಸ್ ಆರಂಭಿಸಿದಾಗ ಬಂಡವಾಳ ಹತ್ತು ಸಾವಿರ ರೂಪಾಯಿ. ಅದು ಸುಧಾ ಮೂರ್ತಿಯವರ ಉಳಿತಾಯದ ಹಣ.

ಏಳು ಮಂದಿಯಲ್ಲಿ ಕೆ. ದಿನೇಶ್ ಗುಣಮಟ್ಟದ ಹೊಣೆ ಹೊತ್ತರು. ಮುಖ್ಯಾಧಿಕಾರಿಯ ಪಟ್ಟ ಮೂರ್ತಿಯವರಿಂದ 2002ರಲ್ಲಿ ನಂದನ್ ನಿಲೇಕಣಿ, 2007ರಲ್ಲಿ ಎಸ್. ಗೋಪಾಲಕೃಷ್ಣನ್, 2011ರಲ್ಲಿ ಎಸ್.ಡಿ. ಶಿಬುಲಾಲ್ ಅವರಿಗೆ ಸಾಗಿತು. ಕುರ್ಚಿ ಬಿಟ್ಟುಕೊಡುವುದೂ ನಾಯಕತ್ವವೇ ತಾನೆ?

ಪರೀಕ್ಷೆ ನಾಯಕರನ್ನೂ ಬಿಡುವುದಿಲ್ಲ. ಇದೇ ಸಂಸ್ಥೆ ರೂಪಿಸಿದ ಆದಾಯ ತೆರಿಗೆ ಜಾಲತಾಣ 2021ರ ಜೂನ್ 7ರಂದು ಆರಂಭವಾಗಿ, ಮೊದಲ ದಿನಗಳಿಂದಲೇ ಮುಗ್ಗರಿಸಿತು. ಆಗಸ್ಟ್‌ನಲ್ಲಿ ಮುಖ್ಯಾಧಿಕಾರಿ ಸಲೀಲ್ ಪಾರೇಖ್ ಅವರನ್ನು ಕೇಂದ್ರ ಹಣಕಾಸು ಸಚಿವಾಲಯ ಕರೆಸಿ ವಿವರಣೆ ಕೇಳಿತು. ಸರಿಪಡಿಸಲು ಸೆಪ್ಟೆಂಬರ್ 15ರ ಗಡುವು ನೀಡಿತು. ಮರುವರ್ಷ ಜುಲೈ 31ರ ಒಂದೇ ದಿನ ಅದೇ ಜಾಲತಾಣದಲ್ಲಿ 72 ಲಕ್ಷಕ್ಕೂ ಹೆಚ್ಚು ಲೆಕ್ಕಪತ್ರಗಳು ಸಲ್ಲಿಕೆಯಾದವು. ಎಡವಿದ್ದನ್ನು ತಿದ್ದಿಕೊಂಡರೆ ಯಂತ್ರವೂ ಭಾರ ಹೊರಬಲ್ಲದು.

ಆದ್ದರಿಂದ ಪರೀಕ್ಷಕರ ತಂಡದ ಮುಖಂಡನಿಗೆ ಬೇಕಾದ ಮೊದಲ ಗುಣ, ಗಡುವು ಹತ್ತಿರವಿದ್ದರೂ "ಇದಿನ್ನೂ ಸಿದ್ಧವಾಗಿಲ್ಲ" ಎಂದು ಗ್ರಾಹಕನ ಎದುರು ಹೇಳುವ ಎದೆಗಾರಿಕೆ. ಉತ್ತರ ಎಷ್ಟು ಕ್ಷಣಕ್ಕೆ ಬಂತು, ಎಷ್ಟು ಜನಕ್ಕೆ ಯಂತ್ರ ಕುಸಿಯಿತು, ಅಡಚಣೆ ಎಲ್ಲಿದೆ ಎಂಬ ಅಂಕಿಅಂಶವೇ ಅವನ ಮಾತಿಗೆ ಬಲ.

ಕೆ.ಆರ್. ನಗರ, ಎಚ್.ಡಿ. ಕೋಟೆಯ ವಿದ್ಯಾರ್ಥಿಗಳೂ ಇದನ್ನು ಕಲಿಯಬಹುದು. 'ಜೆಮೀಟರ್' ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ನೀವೇ ಬರೆದ ಪುಟ್ಟ ಜಾಲತಾಣದ ಮೇಲೆ ಅದನ್ನು ಪ್ರಯೋಗಿಸಿ; ಅನುಮತಿಯಿಲ್ಲದೆ ಬೇರೆಯವರದರ ಮೇಲೆ ಭಾರ ಹೇರಬೇಡಿ. ತಂದೆತಾಯಂದಿರೇ, ಬಯಸಿದ ಕಾಲೇಜು ಸಿಗಲಿಲ್ಲವೆಂದು ಮಕ್ಕಳೆದುರು ಕೊರಗಬೇಡಿ. ಐಐಟಿ ಕೈತಪ್ಪಿದ ಹುಡುಗನಿಗೆ ದಾರಿ ತೆರೆದದ್ದು ನಮ್ಮ ಮೈಸೂರೇ.